ಗುಬ್ಬಿಯ ಅಣು ಮೇಡಂ

ಮೆಹತಾಬ್ ನಮ್ಮ ಕಾಲೇಜಿಗೆ ಬಂದದ್ದು ತೊಂಬತ್ತಾರರ ಜೂನ್ ತಿಂಗಳಲ್ಲಿ. ನಾನು ಅಷ್ಟು ಹೊತ್ತಿಗೆ ಗುಬ್ಬಿಯ ಆ ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾ ಹಳಬಳಾಗಿದ್ದೆ. ಕುಣಿಗಲ್‌ನಿಂದ ವರ್ಗವಾಗಿ ಫಿಸಿಕ್ಸಿಗೆ ಒಬ್ಬರು ಬರುತ್ತಾರಂತೆ ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಹಾರೈಕೆ: ಬಂದವರು ನಿಲ್ಲಲಪ್ಪ. ಅದಕ್ಕೆ ಮೊದಲು ಆ ಜಾಗಕ್ಕೆ ಬಂದವರೆಲ್ಲ ಬೆಂಗಳೂರಿನ ಕಡೆ ಮುಖ ಮಾಡಿಕೊಂಡೇ ಬಂದಿದ್ದರು.

ಮೆಹತಾಬ್ ನಿಂತಳು. ನಾವಿಬ್ಬರೂ ತುಮಕೂರಿನವರಾದ್ದರಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಜೊತೆಯಾಗಿ ಹೋಗತೊಡಗಿದೆವು. ಎಣ್ಣೆಗೆಂಪು ಮೈಬಣ್ಣ, ದಪ್ಪ ಕನ್ನಡಕ, ತಲೆಯ ಮೇಲೆ ಸದಾ ಜಾರುವ ದುಪಟ್ಟಾ. ಮೊದಲ ವಾರ ನನ್ನನ್ನು 'ಗಂಗಲಕ್ಷ್ಮಮ್ಮ ಮೇಡಂ' ಎಂದು ಕರೆಯುತ್ತಿದ್ದವಳು ಎರಡನೇ ವಾರಕ್ಕೆ 'ಗಂಗಕ್ಕ' ಎಂದಳು. ಅಲ್ಲಿಂದ ಮುಂದೆ ನಾನು ಅವಳಿಗೆ ಅಕ್ಕನೇ.

ಅವಳ ತಂದೆ ಅಜ್ಮತುಲ್ಲಾ ಸಾಹೇಬರದು ತುಮಕೂರಿನ ಮಂಡಿಪೇಟೆಯ ಸಂದಿಯೊಂದರಲ್ಲಿ ಸಣ್ಣ ಅಂಗಡಿ. ಪೆಟ್ರೋಮ್ಯಾಕ್ಸ್ ದೀಪ, ಅಂದರೆ ನಮ್ಮ ಕಡೆಯವರು ಗ್ಯಾಸ್‌ಲೈಟ್ ಎನ್ನುತ್ತೇವಲ್ಲ, ಅದರ ರಿಪೇರಿ ಮತ್ತು ಬಾಡಿಗೆ. ಮದುವೆ, ನಾಟಕ, ಉರುಸು, ಭಜನೆ ಯಾವುದಕ್ಕಾದರೂ ಅವರ ದೀಪವೇ ಹೋಗಬೇಕು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದಾಗ ಸಾಹೇಬರು ಸದಾಶಿವನಗರದ ತಮ್ಮ ಬೀದಿಗೆಲ್ಲ ಸಿಹಿ ಹಂಚಿದರಂತೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದಲು ಕಳಿಸಿದವರೂ ಅವರೇ. ಅಲ್ಲಿ ಮೆಹತಾಬ್ ಆರಿಸಿಕೊಂಡದ್ದು ಪರಮಾಣು ವಿಜ್ಞಾನ. ಸಂಶೋಧನೆಗೆ ನಿಲ್ಲು ಎಂದು ಅವಳ ಗುರುಗಳು ಹೇಳಿದ್ದರು. ಅವಳು ವಾಪಸು ಬಂದಳು.

"ಯಾಕೆ ಬಂದೆ?" ಎಂದು ಒಮ್ಮೆ ರೈಲಿನಲ್ಲಿ ಕೇಳಿದೆ.

"ನಾನು ಪಿಯುಸಿ ಓದ್ವಾಗ ಅಣು ಪಾಠನೇ ಮಾಡ್ಲಿಲ್ಲ ಗಂಗಕ್ಕ. ಕೊನೇ ಪಾಠ ಅಲ್ವಾ, ಟೈಮಿಲ್ಲ, ಮನೇಲಿ ಓದ್ಕೊಳ್ಳಿ ಅಂದ್ಬಿಟ್ರು. ಓದ್ಕೊಂಡೆ. ಒಂದಕ್ಷರ ಅರ್ಥ ಆಗ್ಲಿಲ್ಲ. ಈ ಕಡೆ ಅದನ್ನ ಹೇಳ್ಕೊಡೋರು ಒಬ್ರಾದ್ರೂ ಬೇಡ್ವಾ?"

ಹೇಳಿದಂತೆಯೇ ಮಾಡಿದಳು. ಎಲ್ಲರೂ ಕೊನೆಗೆ ತಳ್ಳುವ ಪಾಠವನ್ನು ಅವಳು ವರ್ಷದ ಮೊದಲಿಗೇ ತೆಗೆದುಕೊಳ್ಳುತ್ತಿದ್ದಳು. ಕಲ್ಲಿದ್ದಲು ಸುಟ್ಟರೆ ಎಷ್ಟು ಬೂದಿ, ಎಷ್ಟು ಹೊಗೆ, ಅದೇ ಕರೆಂಟಿಗೆ ಯುರೇನಿಯಂ ಎಷ್ಟು ಸಾಕು ಎಂದು ಲೋಡ್ ಶೆಡ್ಡಿಂಗಿನಲ್ಲಿ ಬೆವರುತ್ತಾ ಕೂತ ಮಕ್ಕಳಿಗೆ ಹೇಳುತ್ತಿದ್ದಳು. ನೆಲದೊಳಗಿನ ಕಲ್ಲಿದ್ದಲೆಲ್ಲ ನಾವೇ ಸುಟ್ಟು ಮುಗಿಸಿದರೆ ನಿಮ್ಮ ಮೊಮ್ಮಕ್ಕಳು ಏನು ಸುಡಬೇಕು ಎಂದು ಕೇಳುತ್ತಿದ್ದಳು. ಕೈಗಾ ಸ್ಥಾವರ ಬೇಡವೆಂದು ಕಾರವಾರದ ಕಡೆಯವರು ಪೇಪರಿನಲ್ಲಿ ಬರೆದದ್ದನ್ನೂ ಕತ್ತರಿಸಿ ತಂದು ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದಳು. "ಅವ್ರು ಕೇಳ್ತಿರೋದು ಸರಿಯಾದ ಪ್ರಶ್ನೇನೇ. ಉಪಯೋಗಿಸಿ ಉಳಿದ ಇಂಧನ ಎಲ್ಲಿಡ್ತೀರಿ ಅಂತ. ಓದ್ದೋರು ಉತ್ತರ ಹುಡುಕ್ಬೇಕೇ ಹೊರ್ತು ಮುಖ ತಿರುಗಿಸ್ಬಾರ್ದು" ಎನ್ನುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಪದ್ಯ ಓದಿಸುತ್ತಿದ್ದ ನನಗೇ ಆ ಮಾತುಗಳು ಕೇಳಿ ಕೇಳಿ ಬಾಯಿಪಾಠವಾಗಿದ್ದವು. 'ಅಣು ಮೇಡಂ' ಎಂಬ ಹೆಸರು ಮಕ್ಕಳು ಇಟ್ಟದ್ದು.

ತೊಂಬತ್ತೆಂಟರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ಆಯಿತು. ಕಾಲೇಜು ತೆರೆದಾಗ ಮಕ್ಕಳ ಬಾಯಲ್ಲಿ ಬಾಂಬು ಬಿಟ್ಟು ಬೇರೆ ಮಾತಿಲ್ಲ. ಮೆಹತಾಬ್ ಅವರನ್ನು ತಡೆಯಲಿಲ್ಲ, ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಮೇಜಿನ ಮೇಲೆ ಒಂದು ಬಟ್ಟೆಚೀಲ ಇಟ್ಟಳು. ಅದರಲ್ಲಿದ್ದದ್ದು ಬಿತ್ತನೆ ಕಡಲೆಕಾಯಿ. ಬೇಸಿಗೆ ರಜೆಯಲ್ಲಿ ಬೆಂಗಳೂರಿನಲ್ಲಿ ಉಪನ್ಯಾಸಕರಿಗೆ ನಡೆದ ತರಬೇತಿಯೊಂದಕ್ಕೆ ಹೋದವಳು ಕೃಷಿ ವಿಜ್ಞಾನಿಯೊಬ್ಬರನ್ನು ಕಾಡಿ ತಂದಿದ್ದಳು. ಮುಂಬೈ ಹತ್ತಿರದ ಟ್ರಾಂಬೆಯಲ್ಲಿ ಬಹಳ ವರ್ಷಗಳ ಹಿಂದೆ ಬೀಜಗಳಿಗೆ ವಿಕಿರಣ ಹಾಯಿಸಿ, ಹುಟ್ಟಿದ ಗಿಡಗಳಲ್ಲಿ ಒಳ್ಳೆಯದನ್ನೇ ಆರಿಸಿ ಆರಿಸಿ ಬೆಳೆಸಿದ ತಳಿ ಅದು. ಗಿಡ ಗಿಡ್ಡ, ಬೇಗ ಕಾಯಿ ಕಟ್ಟುತ್ತದೆ.

"ಇದೂ ಅಣು ವಿಜ್ಞಾನನೇ. ಯಾರ ಮನೆ ಹೊಲದಲ್ಲಿ ಬಿತ್ತುತೀರಿ?" ಎಂದಳು.

ಕೈ ಎತ್ತಿದ್ದು ಒಬ್ಬಳೇ. ಗುಬ್ಬಿ ಹತ್ತಿರದ ಕಡಬದ ಪುಟ್ಟರಂಗಯ್ಯನ ಮಗಳು ಇಂಪನಾ. ಯಾರ ಕಣ್ಣಿಗೂ ಬೀಳದಂತೆ ಕಿಟಕಿ ಪಕ್ಕ ಕೂರುವ ಹುಡುಗಿ.

ಆ ಭಾನುವಾರ ಮೆಹತಾಬ್ ನನ್ನನ್ನೂ ಎಳೆದುಕೊಂಡು ಕಡಬಕ್ಕೆ ಹೋದಳು. ಪುಟ್ಟರಂಗಯ್ಯ ಮಾತು ಕಡಿಮೆಯ ಮನುಷ್ಯ. ಎಳನೀರು ಕೆತ್ತಿ ಕೊಟ್ಟು ಕಂಬಕ್ಕೆ ಒರಗಿ ನಿಂತ. ಮಾತೆಲ್ಲ ಅವನ ಹೆಂಡತಿ ಚೆನ್ನಮ್ಮನದೇ.

"ಬೀಜುಕ್ಕೆ ಅದೇನೋ ಬಾಂಬಿನ್ ಶಾಖ ಹಿಡ್ಸವ್ರಂತೆ. ತಿಂದೋರ್ಗೆ ಏನೂ ಆಗಾಕಿಲ್ವಾ ಮೇಡಮ್ಮೋರೆ?"

"ರಾಗೀನ ಬಿಸಿಲಿಗೆ ಹಾಕ್ತೀರಲ್ಲ ಅಮ್ಮ, ಸಂಜೆ ಒಳಗೆ ತಂದ್ಮೇಲೆ ಅದ್ರೊಳಗೆ ಬಿಸಿಲು ಇರುತ್ತಾ?"

"ಬಿಸಿಲೆಲ್ಲಿರ್ತದೆ? ಒಣಗಿರ್ತದೆ ಅಷ್ಟೇಯ."

"ಇದೂ ಹಂಗೇ. ವಿಕಿರಣ ಹಾಯಿಸಿದ್ದು ಇದರ ಮುತ್ತಾತನ ಮುತ್ತಾತಂಗೆ. ಇದ್ರೊಳಗೆ ಅದಿಲ್ಲ. ಗುಣ ಬದಲಾಗಿದೆ ಅಷ್ಟೇ."

ಚೆನ್ನಮ್ಮ ಬೀಜವನ್ನು ಅಂಗೈಯಲ್ಲಿ ಹೊರಳಿಸಿದಳು, ಮೂಸಿದಳು, ಒಂದನ್ನು ಕಚ್ಚಿಯೂ ನೋಡಿದಳು. ಗಂಡನ ಮುಖ ನೋಡದೆಯೇ ಹೇಳಿದಳು: "ಕೆರೆ ಕಡೆ ಹೊಲದಾಗೆ ಒಂದ್ ಮಡಿ ಬಿಡಿಸ್ತೀನಿ. ಬಂದ್ರೆ ಬರ್ಲಿ. ನಮ್ ಮಗಿಗೆ ವಿದ್ಯೆ ಹೇಳೋರು ಸುಳ್ಳು ಹೇಳಾಕಿಲ್ಲ ಬುಡಿ."

ಹದವಾದ ಮಳೆ ಬಿತ್ತು. ಬಿತ್ತಿದ್ದು ಚೆನ್ನಾಗಿ ಹುಟ್ಟಿತು. ಇಂಪನಾ ವಾರಕ್ಕೊಮ್ಮೆ ಗಿಡದ ಎತ್ತರ ಅಳೆದು ಬಂದು ಹೇಳುವಳು. ಹೇಳುತ್ತಾ ಹೇಳುತ್ತಾ ಕಿಟಕಿ ಬಿಟ್ಟು ಮುಂದಿನ ಬೆಂಚಿಗೆ ಬಂದಳು.

ಗಿಡ ಹೂವಾಗಿ ಊಡು, ಅಂದರೆ ಕಾಯಿ ಕಟ್ಟುವ ಎಳೆ, ಮಣ್ಣಿಗೆ ಇಳಿಯುವ ಹೊತ್ತಿಗೆ ತೊಂದರೆ ಶುರುವಾಯಿತು. ಅದೇ ಊರಿನ ಮೂಡಲಗಿರಿಯಪ್ಪ, ಪಂಚಾಯಿತಿಯಲ್ಲಿ ಮಾತು ನಡೆಯುವ ಹಿರಿಯ, ಅವರ ಗಬ್ಬದ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತು. ಅದರ ಹಿಂದಿನ ವಾರ ಆ ಎಮ್ಮೆ ಬದುವಿನ ಮೇಲೆ ಮೇಯುತ್ತಾ ಚೆನ್ನಮ್ಮನ ಮಡಿಗೆ ಬಾಯಿ ಹಾಕಿದ್ದನ್ನು ಯಾರೋ ನೋಡಿದ್ದರು. ಅಷ್ಟು ಸಾಕಾಯಿತು. ಬಾಂಬಿನ ಕಡಲೆಕಾಯಿ ತಿಂದು ಎಮ್ಮೆ ಕಂದು ಹಾಕಿದೆ, ಇನ್ನು ಬಸುರಿ ಹೆಂಗಸರ ಗತಿ ಏನು ಎಂದು ಊರೆಲ್ಲ ಆಡಿಕೊಂಡರು. ಆ ಮಡಿಯ ನೀರು ಕೆರೆಗೆ ಇಳಿಯುತ್ತದೆ ಎಂದರು. ಗಿಡ ಕಿತ್ತು ಸುಡಬೇಕು ಎಂದು ಕೆಲವರು ಹೊಲದವರೆಗೆ ಹೋದಾಗ ಚೆನ್ನಮ್ಮ ಬದುವಿನ ಮೇಲೆ ಕುಡುಗೋಲು ಹಿಡಿದು ಕೂತಿದ್ದಳಂತೆ. "ನಮ್ ಮೇಡಮ್ಮೋರು ಬಂದು ಹೇಳ್ಲಿ, ನಾನೇ ಕಿತ್ತಾಕ್ತೀನಿ. ಅಲ್ಲೀಗಂಟ ಯಾರಾನ ಕೈ ಇಟ್ಟೀರಿ ಹುಷಾರು."

ಇಂಪನಾ ಮರುದಿನ ಅಳುತ್ತಲೇ ಕಾಲೇಜಿಗೆ ಬಂದಳು. ಮೆಹತಾಬ್ ಅವಳ ಕಣ್ಣೊರೆಸಿ ಕೇಳಿದ ಮೊದಲ ಪ್ರಶ್ನೆ: "ಎಮ್ಮೆಗೆ ದನದ ಡಾಕ್ಟರ್‌ನ ಕರೆಸಿದ್ರಾ?"

ಕರೆಸಿರಲಿಲ್ಲ. ಅವಳೇ ಗುಬ್ಬಿಯ ಪಶು ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕಡಬಕ್ಕೆ ಕಳಿಸಿದಳು. ಆಮೇಲೆ ರಜೆ ಹಾಕಿ ಮೈಸೂರಿಗೆ ಹೋದಳು. ತಾನು ಓದಿದ ವಿಭಾಗದ ಗುರುಗಳ ಮುಂದೆ ನಿಂತು ಗೈಗರ್ ಕೌಂಟರ್ ಕೇಳಿ ತಂದಳು. ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೆ ವೈರಿನಲ್ಲಿ ಜೋಡಿಸಿದ ಒಂದು ಕೊಳವೆ. ವಿಕಿರಣ ತಾಗಿದಾಗಲೆಲ್ಲ ಟಿಕ್ ಎನ್ನುತ್ತದೆ. ಭಾನುವಾರ ಎಲ್ಲರ ಮುಂದೆ ಅಳೆದು ತೋರಿಸುತ್ತೇನೆಂದು ಕಡಬದವರಿಗೆ ಹೇಳಿಕಳಿಸಿದಳು.

ಶನಿವಾರ ಸಂಜೆ ಅದನ್ನು ಮಂಡಿಪೇಟೆಯ ಅಂಗಡಿಗೆ ತಂದಾಗ ನಾನೂ ಜೊತೆಗಿದ್ದೆ. ಅಜ್ಮತುಲ್ಲಾ ಸಾಹೇಬರು ದೀಪವೊಂದಕ್ಕೆ ಮ್ಯಾಂಟಲ್ ಕಟ್ಟುತ್ತಿದ್ದರು. ಮ್ಯಾಂಟಲ್ ಎಂದರೆ ಗ್ಯಾಸ್‌ಲೈಟಿನೊಳಗೆ ಬೆಳ್ಳಗೆ ಉರಿಯುವ ಬಲೆಬಟ್ಟೆಯ ಚೀಲ. ನಾನಿದ್ದೆನೆಂದು ಅಪ್ಪ ಮಗಳು ಕನ್ನಡದಲ್ಲೇ ಮಾತಾಡಿದರು.

"ಅಬ್ಬಾ, ಇದ್ರಲ್ಲಿ ಥೋರಿಯಂ ಅನ್ನೋ ವಿಕಿರಣ ವಸ್ತು ಇರುತ್ತೆ ಅಂತ ಹೇಳಿದ್ನಲ್ಲ, ಮೈಸೂರಿಂದ ಬಂದಾಗ? ನೀವು ನಕ್ಕಿದ್ರಿ."

"ಈಗ್ಲೂ ನಗ್ತೀನಿ. ಹಿಡಿ ನೋಡೋಣ."

ಅವಳು ಕೊಳವೆಯನ್ನು ಮ್ಯಾಂಟಲ್ಲಿನ ಡಬ್ಬದ ಹತ್ತಿರ ತಂದಳು. ಅಲ್ಲಿಯವರೆಗೆ ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿದ್ದ ಪೆಟ್ಟಿಗೆ ಬಾಣಲೆಗೆ ಬಿದ್ದ ಸಾಸಿವೆಯಂತೆ ಚಟಪಟ ಎನ್ನತೊಡಗಿತು. ಸಾಹೇಬರ ನಗು ನಿಂತಿತು. ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಹೆದ್ರಬೇಡಿ ಅಬ್ಬಾ. ಡಬ್ಬದಲ್ಲಿದ್ರೆ ಏನೂ ಆಗಲ್ಲ. ಉರಿದ್ಮೇಲೆ ಪುಡಿ ಆಗುತ್ತಲ್ಲ, ಅದನ್ನ ಊದಬಾರ್ದು, ಮೂಗಿಗೆ ಹೋಗ್ಬಾರ್ದು. ಕೈ ತೊಳೀದೆ ಊಟ ಮಾಡ್ಬಾರ್ದು."

ಸಾಹೇಬರು ದೀಪದ ಸಾಮಾನಿನ ಜೊತೆ ಮಾರುತ್ತಿದ್ದ ಪ್ರೈಮಸ್ ಸ್ಟೌವಿನ ಪಿನ್ನುಗಳನ್ನೆಲ್ಲ ಒಂದೊಂದಾಗಿ ಜೋಡಿಸಿಟ್ಟರು. ಆಮೇಲೆ ಮಗಳನ್ನು ಕೇಳಿದರು: "ನಾಳೆ ಕಡಬದಲ್ಲಿ ಇದನ್ನೂ ತೋರಿಸ್ತೀಯಾ?"

"ಬೇಡ ಅಬ್ಬಾ. ನಿಮ್ಮ ಗಿರಾಕಿಗಳೇ ಇದಾರೆ ಆ ಕಡೆ. ಭಜನೆ ಮಂಡಳಿ ದೀಪ ಎಲ್ಲ ನಿಮ್ಮ ಹತ್ರನೇ ಬರುತ್ತೆ."

"ಅದಕ್ಕೇ ತೋರಿಸ್ಬೇಕು. ಅವರ ಹೊಲಕ್ಕೆ ಹಿಡಿದು ನಮ್ಮ ಅಂಗಡೀದು ಮುಚ್ಚಿಟ್ರೆ ಅದು ನ್ಯಾಯಾನಾ? ನಾನೂ ಬರ್ತೀನಿ."

ಭಾನುವಾರ ಬೆಳಿಗ್ಗೆ ಕಡಬದ ಅರಳಿಕಟ್ಟೆಯ ಸುತ್ತ ಜನ ಸೇರಿದ್ದರು. ಮೂಡಲಗಿರಿಯಪ್ಪ ಕಟ್ಟೆಯ ಮೇಲೆ ಕೂತಿದ್ದರು. ದನದ ಡಾಕ್ಟರು ಮೊದಲು ಮಾತಾಡಿದರು. ಎಮ್ಮೆಗೆ ಬಂದಿರುವುದು ಕಂದು ಹಾಕುವ ಸೋಂಕು ರೋಗ, ಸುತ್ತಲ ಊರುಗಳಲ್ಲೂ ಅದೇ ತಿಂಗಳು ನಾಲ್ಕಾರು ಕಡೆ ಆಗಿದೆ, ಅಲ್ಲೆಲ್ಲ ಈ ಕಡಲೆಕಾಯಿ ಇಲ್ಲ ಎಂದರು. ಜನ ಪೂರ್ತಿ ಒಪ್ಪಲಿಲ್ಲ.

ಮೆಹತಾಬ್ ಪೆಟ್ಟಿಗೆ ತೆರೆದಳು. ಇಂಪನಾಳ ಕೈಗೆ ಕೊಳವೆ ಕೊಟ್ಟು, "ನೀನೇ ಹಿಡಿ" ಎಂದಳು. ಹುಡುಗಿ ಅದನ್ನು ಚೆನ್ನಮ್ಮ ಬುಡಸಮೇತ ಕಿತ್ತು ತಂದಿದ್ದ ಗಿಡದ ಹತ್ತಿರ ಹಿಡಿದಳು. ಟಿಕ್... ಟಿಕ್... ಎಂದಿತು.

"ನೋಡಿ, ಕೂಗ್ತೈತೆ!" ಎಂದ ಯಾರೋ ಹಿಂದಿನಿಂದ.

"ಗಿಡ ದೂರ ಇಡಿ" ಎಂದಳು ಮೆಹತಾಬ್. ಗಿಡ ತೆಗೆದರು. ಪೆಟ್ಟಿಗೆ ಹಾಗೇ ಟಿಕ್... ಟಿಕ್... ಎನ್ನುತ್ತಲೇ ಇತ್ತು. ಜನ ಮುಖ ಮುಖ ನೋಡಿಕೊಂಡರು.

"ಈ ಸದ್ದು ಎಲ್ಲಾ ಕಡೆ ಇರುತ್ತೆ. ಮಣ್ಣಲ್ಲಿ, ಆಕಾಶದಲ್ಲಿ, ನಮ್ಮ ಮೈಯಲ್ಲೂ ಒಂಚೂರು ಇದೆ. ಭೂಮಿ ಹುಟ್ಟಿದಾಗಿಂದ ಇದೆ. ಇಂಪನಾ, ಈಗ ಕಟ್ಟೆಗೆ ಹಿಡಿ."

ಮೂಡಲಗಿರಿಯಪ್ಪ ಕೂತಿದ್ದ ಚಪ್ಪಡಿ ಕಲ್ಲಿಗೆ ಹಿಡಿದಾಗ ಸದ್ದು ಚೂರು ಜೋರಾಯಿತು. ಅವರು ಥಟ್ಟನೆ ಎದ್ದು ನಿಂತರು. ನಗು ಎದ್ದಿತು.

"ಕೂತ್ಕೊಳ್ಳಿ ಯಜಮಾನ್ರೇ, ನಿಮ್ಮಪ್ಪ, ತಾತ ಎಲ್ಲ ಕೂತಿದ್ದ ಕಲ್ಲದು. ಏನೂ ಆಗಲ್ಲ" ಎಂದಳು ಮೆಹತಾಬ್. ಒಬ್ಬರ ಮನೆಯಿಂದ ಪೊಟ್ಯಾಶ್ ಗೊಬ್ಬರದ ಮೂಟೆ ತಂದರು. ಅದಕ್ಕೆ ಹಿಡಿದಾಗ ಇನ್ನೂ ಜೋರಾಯಿತು. ಯಾರಿಗೂ ಈಗ ನಗು ಬರಲಿಲ್ಲ.

ಆಗ ಅಜ್ಮತುಲ್ಲಾ ಸಾಹೇಬರು ಮುಂದೆ ಬಂದು ತಮ್ಮ ಚೀಲದಿಂದ ಮ್ಯಾಂಟಲ್ ಡಬ್ಬ ತೆಗೆದು ಕಟ್ಟೆಯ ಮೇಲಿಟ್ಟರು. ಇಂಪನಾ ಕೊಳವೆ ಹತ್ತಿರ ತಂದಳು. ಚಟಪಟ ಸದ್ದಿಗೆ ಮುಂದಿದ್ದವರು ಹಿಂದೆ ಸರಿದರು.

ಮೂಡಲಗಿರಿಯಪ್ಪನವರ ಮುಖ ಗಂಟಿಕ್ಕಿತು. "ಇದೇನ್ ಸಾಬ್ರೇ? ಹಂಗಾದ್ರೆ ಇಷ್ಟ್ ವರ್ಷ ನಮ್ ಭಜನೇಗೆ ಬಾಂಬು ಹಚ್ಚಿ ಕಳುಸ್ತಿದ್ರಾ?"

"ದೀಪ ಹಚ್ಚಿ ಕಳಿಸ್ತಿದ್ದೆ ಗೌಡ್ರೇ. ಈ ಬಿಳೀ ಬೆಳಕು ಬರೋದೇ ಇದ್ರಿಂದ ಅಂತ ನನಗೂ ಗೊತ್ತಿರಲಿಲ್ಲ. ನನ್ನ ಮಗಳು ಓದ್ಕೊಂಡು ಬಂದು ಹೇಳಿದ್ಲು, ನಾನು ನಂಬಲಿಲ್ಲ. ನಿನ್ನೆ ಕಿವಿಯಾರೆ ಕೇಳಿದ್ಮೇಲೆ ನಂಬಿದೆ." ಅವರು ಜನರ ಕಡೆ ತಿರುಗಿದರು. "ನನ್ನ ಅರ್ಧ ಆಯಸ್ಸು ಇದನ್ನ ಕಟ್ಟೋದ್ರಲ್ಲೇ ಕಳೆದಿದೀನಿ. ಇನ್ಮೇಲೂ ಕಟ್ತೀನಿ, ಆದ್ರೆ ಪುಡಿ ಊದಲ್ಲ, ಕೈ ತೊಳ್ಕೊತೀನಿ. ನೀವೂ ಹಂಗೇ ಮಾಡಿ. ನಮ್ಮನೇ ದೀಪದಲ್ಲಿ ಇರೋದನ್ನೇ ನಾನು ತಂದು ತೋರಿಸ್ದೆ. ನಿಮ್ಮ ಕಡ್ಲೇಕಾಯಲ್ಲಿ ಇದ್ದಿದ್ರೆ ನನ್ನ ಮಗಳು ಮುಚ್ಚಿಡ್ತಿದ್ಲಾ?"

ನಾನು ಮೆಹತಾಬಳ ಕಡೆ ನೋಡಿದೆ. ಅವಳು ಕನ್ನಡಕ ತೆಗೆದು ದುಪಟ್ಟಾದ ಅಂಚಿನಲ್ಲಿ ಒರೆಸುತ್ತಿದ್ದಳು. ಎಷ್ಟು ಒರೆಸಿದರೂ ಮುಗಿಯಲಿಲ್ಲ.

ಮೂಡಲಗಿರಿಯಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಗಿಡ ಇರ್ಲಿ ಬುಡ್ರಲಾ" ಎಂದರು ಕೊನೆಗೆ. "ಕಾಯಿ ಬಲೀಲಿ. ಮೊದ್ಲು ಮೇಡಮ್ಮೋರು, ಸಾಬ್ರು ತಿನ್ಲಿ. ಆಮೇಕೆ ನೋಡನ."

ಕಾಯಿ ಬಲಿತಾಗ ಹಾಗೆಯೇ ಆಯಿತು. ಚೆನ್ನಮ್ಮ ಗಿಡ ಕೀಳುತ್ತಿದ್ದರೆ ಬುಡದಲ್ಲಿ ಗೊಂಚಲು ಗೊಂಚಲಾಗಿ ಕಾಯಿ. ನಾವು ಬದುವಿನ ಮೇಲೆ ಕೂತು ಮಣ್ಣು ಕೊಡವಿ ಹಸಿಕಾಯಿ ತಿಂದೆವು. ಅಜ್ಮತುಲ್ಲಾ ಸಾಹೇಬರು ಜೇಬು ತುಂಬಿಕೊಂಡರು. ಮೂಡಲಗಿರಿಯಪ್ಪ ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದು ಒಂದು ಗಿಡ ಎತ್ತಿ, ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು ಜಗಿದರು. ಎಣ್ಣೆ ಅಂಶ ಪರವಾಗಿಲ್ಲ ಎಂದರು. ಮುಂದಿನ ಮುಂಗಾರಿಗೆ ಚೆನ್ನಮ್ಮನ ಹತ್ತಿರ ಬಿತ್ತನೆಗೆ ಎಲ್ಲರಿಗಿಂತ ಮೊದಲು ಕಾಯಿ ಕೇಳಿದವರು ಅವರೇ. ಚೆನ್ನಮ್ಮ ಕೊಟ್ಟಳು, ಆದರೆ ಮನೆ ಬಾಗಿಲಿಗೆ ಬಂದು ಕೇಳಿದ ಮೇಲೆ.

ಆ ಮೇಲಿನ ವರ್ಷಗಳಲ್ಲಿ ಮೆಹತಾಬಳ ಭಾನುವಾರಗಳು ಅವಳವಾಗಿ ಉಳಿಯಲಿಲ್ಲ. ಊರ್ಡಿಗೆರೆಯ ಹೈಸ್ಕೂಲು, ಕುಣಿಗಲ್‌ನ ಹಳೆಯ ಕಾಲೇಜು, ತುಮಕೂರಿನ ಮದರಸಾ, ಮಹಿಳಾ ಸಂಘ, ಯಾರು ಕರೆದರೂ ಹೋಗುವಳು. ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಗೆ ಹೆದರಿ ಆಸ್ಪತ್ರೆಗೆ ಹೋಗದೆ ಕೂತ ಹೆಂಗಸರ ಮನೆಗೆ ಹೋಗಿ ಪಕ್ಕದಲ್ಲಿ ಕೂತು ತಿಳಿಸಿ ಹೇಳಿದ್ದೂ ಉಂಟು. ಎರಡು ಸಾವಿರನೇ ಇಸವಿಯ ಹೊತ್ತಿಗೆ ಕೈಗಾದಲ್ಲಿ ಕರೆಂಟು ತಯಾರಾಗತೊಡಗಿತ್ತು. ಅನುಮತಿ ಪಡೆದು ಒಂದು ಬಸ್ಸಿನ ತುಂಬ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಳು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ ಮಕ್ಕಳ ತಲೆ ಹಿಡಿದದ್ದು ನಾನು, ಪಾಠ ಹೇಳಿದ್ದು ಅವಳು. ಸಾಹೇಬರ ಅಂಗಡಿಯಲ್ಲಿ ಕೈ ತೊಳೆಯಲು ಬಕೆಟ್ಟು, ಸೋಪು ಬಂದವು. ಮ್ಯಾಂಟಲ್ ಕೊಳ್ಳುವ ಪ್ರತಿಯೊಬ್ಬರಿಗೂ ಅವರು ಮಗಳ ಪಾಠವನ್ನು ತಾವೇ ಒಪ್ಪಿಸುತ್ತಿದ್ದರು. ಕೇಳಿ ಎದ್ದು ಹೋದವರೂ ಇದ್ದರು. ಅದಕ್ಕೆಲ್ಲ ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಇಂಪನಾ ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿದಳು. ಮದುವೆ ಮಾತು ಬಂದಾಗ ಅಷ್ಟು ವರ್ಷ ಕಂಬಕ್ಕೊರಗಿ ನಿಂತಿದ್ದ ಪುಟ್ಟರಂಗಯ್ಯ ಮೊದಲ ಸಲ ಬಾಯಿ ತೆಗೆದು, "ಅವ್ಳು ಓದ್ಲಿ" ಎಂದ. ಮೈಸೂರಿನಲ್ಲಿ ಎಂ.ಎಸ್ಸಿ. ಆಯಿತು, ಆಮೇಲೆ ಪರೀಕ್ಷೆ ಬರೆದು ತರಬೇತಿಗೆ ಆಯ್ಕೆಯಾದಳು. ಕೈಗಾದಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಚೆನ್ನಮ್ಮ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳುತ್ತಿದ್ದಳು: "ಕರೆಂಟು ಮಾಡೋ ಜಾಗದಾಗೆ ನಮ್ ಮಗ್ಳು ಅವ್ಳೆ. ಯಾರ್ಗೂ ತೊಂದ್ರೆ ಆಗ್ದಂಗೆ ನೋಡ್ಕಳೋದು ಅವ್ಳ್ ಕೆಲ್ಸ ಕಣವ್ವ. ಅವ್ಳು ಬ್ಯಾಡ ಅಂದ್ರೆ ದೊಡ್ ದೊಡ್ ಇಂಜಿನಿಯರ್ರೂ ಒಳೀಕ್ ಹೋಗಂಗಿಲ್ಲ."

ಎರಡು ಸಾವಿರದ ಎಂಟರಲ್ಲಿ ಇಂಪನಾ ರಜೆಗೆ ಬಂದಾಗ ಮೆಹತಾಬ್ ಅವಳನ್ನು ಕಾಲೇಜಿಗೆ ಕರೆಸಿದಳು. ಹಾಲ್ ತುಂಬಿತ್ತು. ಚೆನ್ನಮ್ಮ, ಪುಟ್ಟರಂಗಯ್ಯ ಮುಂದಿನ ಸಾಲಿನಲ್ಲಿ ಹೊಸ ಬಟ್ಟೆ ತೊಟ್ಟು ಕೂತಿದ್ದರು. ಮೆಹತಾಬ್ ವೇದಿಕೆ ಹತ್ತಲಿಲ್ಲ. ಮಾತು ಅವಳದೇ ಆಗಲಿ ಎಂದು ನನ್ನ ಜೊತೆ ಹಿಂದಿನ ಬೆಂಚಿನಲ್ಲಿ ಕೂತಳು.

ಇಂಪನಾ ತನ್ನ ಕೆಲಸದ ಬಗ್ಗೆ ಹೇಳಿದಳು. ಬೆಳಿಗ್ಗೆ ಏನು ಅಳೆಯುತ್ತಾರೆ, ನದಿಯ ನೀರು, ಸುತ್ತಲ ಹಳ್ಳಿಯ ಹಾಲು, ಸೊಪ್ಪು, ಮೀನು ಎಲ್ಲವನ್ನೂ ತಂದು ಹೇಗೆ ಪರೀಕ್ಷೆ ಮಾಡುತ್ತಾರೆ ಎಂದು ಬಿಡಿಸಿ ಹೇಳಿದಳು. ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಕ್ಕಾ, ಅಲ್ಲಿ ಕೆಲ್ಸ ಮಾಡೋಕೆ ನಿಮಗೆ ಭಯ ಆಗಲ್ವಾ?"

ಇಂಪನಾ ವೇದಿಕೆಯ ಅಂಚಿಗೆ ಬಂದಳು.

"ಆಗುತ್ತೆ. ದಿನಾ ಒಂಚೂರು ಆಗ್ಬೇಕು. ಭಯ ಪೂರ್ತಿ ಹೋದ ದಿನ ನಾನು ಸರಿಯಾಗಿ ಅಳೆಯಲ್ಲ. ಸರಿಯಾಗಿ ಅಳೆಯೋಕೆ ಆಗದಿದ್ರೆ ಆ ಕೆಲ್ಸ ಬೇರೆಯೋರಿಗೆ ಬಿಟ್ಟುಕೊಡ್ಬೇಕು."

ಚಪ್ಪಾಳೆ ಬಿತ್ತು. ಪುಟ್ಟರಂಗಯ್ಯ ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಿದ್ದ. ಮೆಹತಾಬ್ ಮಾತ್ರ ಕೈ ಕಟ್ಟಿ ಕೂತಿದ್ದಳು. ನಾನು ಮೊಣಕೈಯಲ್ಲಿ ತಿವಿದೆ. "ಎಷ್ಟು ಚೆನ್ನಾಗಿ ಹೇಳ್ಕೊಟ್ಟಿದೀಯ ಕಣೇ!"

ಅವಳು ನನ್ನ ಕಡೆ ತಿರುಗಿದಳು. ಮುಖ ಅರಳಿತ್ತು.

"ಗಂಗಕ್ಕ, ಈ ಮಾತು ನಾನು ಹೇಳ್ಕೊಟ್ಟಿದ್ದಲ್ಲ. ಅವಳೇ ಕಲ್ತಿದ್ದು."